ಗರ್ಭಿಣಿಯರಲ್ಲಿ ಯೋನಿ ಒಣಗಿದರೆ ಗರ್ಭದ ನೀರು ಕಡಿಮೆಯಾಗಿದೆ ಎಂದರ್ಥವೇ?

ಅಲ್ಲ. ಮಗುವಿನ ಸುತ್ತಲಿನ ನೀರು ಗರ್ಭಕೋಶದೊಳಗೆ ಒಂದು ಚೀಲದಲ್ಲಿರುತ್ತದೆ. ಯೋನಿಯ ತೇವಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ನೀರು ಎಷ್ಟಿದೆ ಎಂದು ತಿಳಿಯುವುದು ಸ್ಕ್ಯಾನಿಂಗ್‌ನಲ್ಲಿ.

ಗರ್ಭಿಣಿಯರಲ್ಲಿ ಈಸ್ಟ್ರೋಜನ್ ಹಾರ್ಮೋನ್ ಹೆಚ್ಚುವುದರಿಂದ ಸಾಮಾನ್ಯವಾಗಿ ಬಿಳಿ ಸ್ರಾವ ಜಾಸ್ತಿಯೇ ಆಗುತ್ತದೆ. ಆದರೂ ಕೆಲವರಿಗೆ ಒಣಗಿದಂತೆ, ಉರಿದಂತೆ ಅನಿಸುತ್ತದೆ. ಆಗ ಮೊದಲು ಬಚ್ಚಲುಮನೆಯತ್ತ ನೋಡಿ. ಪರಿಮಳದ ಸೋಪು, ಆ ಭಾಗಕ್ಕೆಂದೇ ಮಾರುವ ವಾಶ್, ಆಂಟಿಸೆಪ್ಟಿಕ್ ಬೆರೆಸಿದ ನೀರು, ಇವೆಲ್ಲ ಅಲ್ಲಿನ ಚರ್ಮವನ್ನು ಕೆರಳಿಸುತ್ತವೆ. ಹೊರಭಾಗವನ್ನು ಬರೀ ನೀರಿನಲ್ಲಿ ತೊಳೆದರೆ ಸಾಕು, ಒಳಗೆ ತೊಳೆಯುವುದು ಬೇಡವೇ ಬೇಡ. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು, ಡಾಕ್ಟರಿಗೆ ತಿಳಿಸಿ.

ತುಪ್ಪ ತಿಂದರೆ ಒಳಗೆಲ್ಲ ಜಾರುತ್ತದೆ ಎನ್ನುವವರಿದ್ದಾರೆ. ತಿಂದ ತುಪ್ಪ ಕರುಳಿನಲ್ಲೇ ಜೀರ್ಣವಾಗುತ್ತದೆ, ಯೋನಿಗೆ ಹೋಗಲು ಅದಕ್ಕೆ ದಾರಿಯೇ ಇಲ್ಲ.

ಸಂಭೋಗದಲ್ಲಿ ನೋವಾಗುತ್ತಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ, ಪರಿಮಳವಿಲ್ಲದ, ನೀರಿನ ಅಂಶದ ಲೂಬ್ರಿಕೆಂಟ್ ಜೆಲ್ ಬಳಸಬಹುದು. ಕೊಬ್ಬರಿ ಎಣ್ಣೆ ಹಚ್ಚಿದರೆ ಕಾಂಡೋಮ್ ಹರಿಯಬಹುದು. ನೋವು ನುಂಗಿಕೊಂಡು ಸುಮ್ಮನಿರಬೇಕಿಲ್ಲ; ಇವತ್ತು ಬೇಡ ಎಂದು ಗಂಡನಿಗೆ ಹೇಳಿ. ಅಕ್ಕನಿಗೋ ಅತ್ತಿಗೆಗೋ ಬರೆದುಕೊಟ್ಟ ಹಾರ್ಮೋನ್ ಕ್ರೀಮ್ ಮಾತ್ರ ಮುಟ್ಟಬೇಡಿ.

ತುರಿಕೆ, ಒಡೆದ ಮೊಸರಿನಂಥ ಸ್ರಾವ, ಕೆಟ್ಟ ವಾಸನೆ, ಉರಿಮೂತ್ರ ಇದ್ದರೆ ಅದು ಸೋಂಕಿರಬಹುದು, ತೋರಿಸಿಕೊಳ್ಳಿ. ರಕ್ತ ಕಂಡರೆ ಅಥವಾ ತಡೆಯಲಾಗದಂತೆ ತೆಳ್ಳಗಿನ ನೀರು ಸೋರಿದರೆ ಫೋನಿನಲ್ಲಿ ಹುಡುಕುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಹೆರಿಗೆಯ ನಂತರ ಹಾಲೂಡಿಸುವಾಗ ಈಸ್ಟ್ರೋಜನ್ ಇಳಿಯುತ್ತದೆ. ನಿಜವಾದ ಒಣಗುವಿಕೆ ಹೆಚ್ಚಾಗಿ ಕಾಡುವುದು ಆಗಲೇ. ಅದೇ ಜೆಲ್ ಆಗಲೂ ನಡೆಯುತ್ತದೆ.