ಬಾಗಿಲ ಹಿಂದಿನ ಪಾಠ

ನನ್ನಜ್ಜಿಯ ತವರು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ. ಅಲ್ಲಿ ಕಾವೇರಿ, ನಮ್ಮ ಗೊರೂರಿನಲ್ಲಿ ಹೇಮಾವತಿ. ಮದುವೆಯಾಗಿ ಆ ಹೊಳೆ ಬಿಟ್ಟು ಈ ಹೊಳೆಗೆ ಬಂದವಳ ಹಾಡು ಮಾತ್ರ ಆರತಿ, ಹಸೆ ಬಿಟ್ಟರೆ ಅಡುಗೆಮನೆ ದಾಟಲಿಲ್ಲ.

ಗೊರೂರು ಎಂದೊಡನೆ ಓದುವವರಿಗೆಲ್ಲ ರಾಮಸ್ವಾಮಿ ಅಯ್ಯಂಗಾರರ (1904-1991) ನಗೆಬರಹ ನೆನಪಾಗುತ್ತದೆ. ನನಗೆ ನೆನಪಾಗುವುದು ನಮ್ಮ ಮನೆಯ ರೇಡಿಯೋ. ಆಕಾಶವಾಣಿಯಲ್ಲಿ ಆರ್. ಕೆ. ಶ್ರೀಕಂಠನ್ ಹಾಡಲು ಕುಳಿತರೆ ಅಜ್ಜಿ ಸೌದೆ ಹಿಂದಕ್ಕೆಳೆದು, "ಸದ್ದು ಮಾಡಬೇಡ ಕಣೇ, ನಮ್ಮೂರಿನವರು ಹಾಡ್ತಿದಾರೆ" ಅನ್ನುವಳು. ಅವರು 1920ರಲ್ಲಿ ರುದ್ರಪಟ್ಟಣದಲ್ಲೇ ಹುಟ್ಟಿದವರು. ಗಂಡಸರು ಸಂಗೀತದ ಬೆನ್ನು ಹತ್ತಿ ಮೈಸೂರು, ಬೆಂಗಳೂರು ಸೇರಿದ ಊರು ಅದು. ಅಜ್ಜಿ ತೊಡೆಯ ಮೇಲೆ ತಾಳ ಹಾಕುತ್ತ, ಮುಂದಿನ ಸಂಗತಿಯನ್ನು ಅರೆಗಳಿಗೆ ಮೊದಲೇ ಗುನುಗುವಳು. ಒಂದು ದಿನ ಹುಳಿ ತಳ ಹಿಡಿಯಿತು, ಮನೆಯಲ್ಲಿ ಮಾತೂ ಬಂತು!

"ಎಲ್ಲಿ ಕಲಿತೆ ಅಜ್ಜಿ?" ಎಂದರೆ, "ಕಲಿಯೋದೆಲ್ಲಿ ಬಂತು? ಅಣ್ಣಂದಿರಿಗೆ ಪಾಠ ಆಗುವಾಗ ಬಾಗಿಲ ಹಿಂದೆ ನಿಂತಿರ್ತಿದ್ದೆ."

ಈಚೆಗೆ ರುದ್ರಪಟ್ಟಣಕ್ಕೆ ಹೋಗಿದ್ದೆ. ವಿದ್ವಾನ್ ಆರ್. ಕೆ. ಪದ್ಮನಾಭರ ಮುತುವರ್ಜಿಯಿಂದ ಎದ್ದಿರುವ, ತಂಬೂರಿಯಾಕಾರದ ಸಪ್ತಸ್ವರ ಮಂದಿರದಲ್ಲಿ ಕುಳಿತೆ. ಅಜ್ಜಿಯ ಹಸೆಹಾಡು ಎತ್ತಿಕೊಂಡೆ. ಎರಡು ನುಡಿ ಬಂತು, ಮೂರನೆಯದು ಬರಲಿಲ್ಲ. ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅವಳಿಗೂ ನೆನಪಿರಲಿಲ್ಲ.