ಶಾಸಕರಿಗೂ ಮಾರ್ಕ್ಸ್ ಕಾರ್ಡ್: ಸೊನ್ನೆಯಿಂದ ನೂರರವರೆಗಿನ ಕಥೆ

ಭಾಗ 1/7

"ಹಿಸ್ಟರಿ ಸರಣಿ ಮತ್ತೆ ಯಾವಾಗ" ಅಂತ ತುಂಬಾ ಜನ ಕೇಳಿದ್ರಿ. ಇಗೋ ಬಂತು. ಆದ್ರೆ ಈ ಸಲ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಹೋದ ಸೆಮಿಸ್ಟರ್‌ನಲ್ಲಿ ನಾನು ಸ್ಟೋರಿಯಲ್ಲಿ ದಿನಕ್ಕೊಂದರಂತೆ ಹತ್ತು ಪೋಲ್ ಹಾಕಿದ್ದೆ, ನೆನಪಿದೆಯಾ? ಲವ್ ಮ್ಯಾರೇಜಾ ಅರೇಂಜ್ಡಾ, ಹುಡುಗೀರ ಹಾಸ್ಟೆಲ್ ಗೇಟ್ ಬೇಗ ಮುಚ್ಚಬೇಕಾ ಬೇಡ್ವಾ, ಅಂಥವು. ಬಿಕಾಂ ಬುದ್ಧಿ ಸುಮ್ಮನಿರುತ್ತಾ? ಎಲ್ಲರ ಉತ್ತರವನ್ನೂ ಎಕ್ಸೆಲ್‌ಗೆ ಹಾಕಿದೆ. "ಲಿಬರಲ್" ಉತ್ತರಕ್ಕೆ 10 ಮಾರ್ಕ್ಸ್, ಇಲ್ಲದಿದ್ರೆ 0. ಒಟ್ಟು 100ಕ್ಕೆ ರ‍್ಯಾಂಕ್ ಪಟ್ಟಿ ಮಾಡಿ ಕ್ಲಾಸ್ ಗ್ರೂಪಿಗೆ ಬಿಟ್ಟೆ.

ನಮ್ಮ ಕ್ಲಾಸಿನ ಒಬ್ಬಳಿಗೆ 20 ಬಂತು. ಪಟ್ಟಿಯ ಕೊನೇ ಹೆಸರು ಅವಳದ್ದೇ. ಮರುದಿನದಿಂದ ಅವಳಿಗೆ "ಅಜ್ಜಿ" ಅಂತ ಹೆಸರು ಬಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ನನ್ನ ಜೊತೆ ಮಾತು ಬಿಟ್ಟಳು.

ಆಮೇಲೆ ಗೊತ್ತಾಯ್ತು, ಇದೇ ಆಟವನ್ನ ಅಮೆರಿಕದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಆಡ್ತಿದ್ದಾರೆ. ಕ್ಲಾಸ್‌ಮೇಟ್‌ಗಳ ಮೇಲಲ್ಲ, ಶಾಸಕರ ಮೇಲೆ. ನಾನು ಮಾಡಿದ ತಪ್ಪುಗಳನ್ನೆಲ್ಲ ಅವರು ನನಗಿಂತ ಮುಂಚೆಯೇ ಮಾಡಿ ಮುಗಿಸಿದ್ದಾರೆ. ಓದ್ತಾ ಹೋಗಿ.

ಭಾಗ 2/7

ಮೊದಲು ಒಂದು ಪ್ರಶ್ನೆ. ಶಾಸಕರಿಗೆ ಮಾರ್ಕ್ಸ್ ಕೊಡಬೇಕು ಅಂದ್ರೆ ಏನು ಬೇಕು? ಅವರು ಯಾವ ಮಸೂದೆಗೆ "ಹೌದು" ಅಂದ್ರು, ಯಾವುದಕ್ಕೆ "ಇಲ್ಲ" ಅಂದ್ರು ಅನ್ನೋ ದಾಖಲೆ. ಲೆಕ್ಕ ಬರೆಯೋಕೆ ವೋಚರ್ ಬೇಕಲ್ವಾ, ಹಾಗೇ.

ಅಮೆರಿಕದಲ್ಲಿ ಆ ವೋಚರ್ ಇದೆ. ಅಲ್ಲಿನ ಸಂವಿಧಾನದ ಪ್ರಕಾರ ಸದನದಲ್ಲಿ ಹಾಜರಿರುವವರಲ್ಲಿ ಐದನೇ ಒಂದು ಭಾಗ ಕೇಳಿದರೆ ಸಾಕು, ಯಾರು ಹೇಗೆ ಮತ ಹಾಕಿದರು ಅಂತ ಹೆಸರು ಸಮೇತ ಬರೆದಿಡಲೇಬೇಕು. ಇದಕ್ಕೆ ರೋಲ್ ಕಾಲ್ ಅಂತಾರೆ, ನಮ್ಮ ಅಟೆಂಡೆನ್ಸ್ ಥರಾನೇ. ಎಷ್ಟೋ ರಾಜ್ಯಗಳ ಸಂವಿಧಾನಗಳಂತೂ ಮಸೂದೆಯ ಅಂತಿಮ ಮತ ಹೆಸರು ಸಮೇತವೇ ದಾಖಲಾಗಬೇಕು ಅನ್ನುತ್ತವೆ. 1917ರಲ್ಲೇ ವಿಸ್ಕಾನ್ಸಿನ್ ರಾಜ್ಯದ ಕೆಳಮನೆ ವಿದ್ಯುತ್ ಮತಯಂತ್ರ ತಂದಿತ್ತು. ವಾಷಿಂಗ್ಟನ್‌ನ ಕೆಳಮನೆಗೆ ಅಂಥದ್ದು ಬಂದಿದ್ದು 1973ರಲ್ಲಿ. ರಾಜ್ಯವೇ ಮುಂದೆ!

ದಾಖಲೆ ಇದ್ದ ಮೇಲೆ ಅದನ್ನ ಬಳಸೋರು ಬರದೇ ಇರ್ತಾರಾ? ಮೊದಲು ಜೋರಾಗಿ ಬಳಸಿದವರಲ್ಲಿ ಮದ್ಯಪಾನ ವಿರೋಧಿಗಳೂ ಇದ್ದರು. ಆಂಟಿ ಸಲೂನ್ ಲೀಗ್ ಅಂತ ಒಂದು ಸಂಘ, 1893ರಲ್ಲಿ ಒಹಾಯೋ ರಾಜ್ಯದಲ್ಲಿ ಹುಟ್ಟಿತು. (ಸಲೂನ್ ಅಂದ್ರೆ ಕಟಿಂಗ್ ಶಾಪ್ ಅಲ್ಲ, ಹೆಂಡದಂಗಡಿ.) ಶಾಸಕನ ಪಕ್ಷ ಯಾವುದು, ಜಾತಕ ಏನು, ಇದ್ಯಾವುದೂ ಅವರಿಗೆ ಬೇಡ. ಮದ್ಯದ ಮಸೂದೆಗೆ ಹೇಗೆ ಮತ ಹಾಕಿದ? "ಡ್ರೈ" ಆದರೆ ನಮ್ಮವನು, "ವೆಟ್" ಆದರೆ ಸೋಲಿಸಬೇಕಾದವನು. 1905ರಲ್ಲಿ ಒಹಾಯೋದ ಗವರ್ನರ್ ಮೈರನ್ ಹೆರಿಕ್ ಅವರ ವಿರುದ್ಧ ಲೀಗ್ ಟೊಂಕ ಕಟ್ಟಿ ನಿಂತಿತು, ಅವರು ಸೋತೇ ಹೋದರು. 1919ರಲ್ಲಿ ರಾಜ್ಯಗಳ ಶಾಸನಸಭೆಗಳು ಒಪ್ಪಿಗೆ ಕೊಟ್ಟು ಮದ್ಯನಿಷೇಧ ಸಂವಿಧಾನದೊಳಗೇ ಸೇರಿತು.

ಒಂದೇ ಪ್ರಶ್ನೆಯ ಮಾರ್ಕ್ಸ್ ಕಾರ್ಡ್. ಆದರೂ ಗವರ್ನರ್‌ನ ಕುರ್ಚಿ ಅಲ್ಲಾಡಿಸೋ ತಾಕತ್ತು ಅದಕ್ಕಿತ್ತು.

ಭಾಗ 3/7

ಇದೇ ಹೊತ್ತಿಗೆ ಪ್ರೊಫೆಸರ್‌ಗಳೂ ಕಣಕ್ಕಿಳಿದರು. ಎ. ಲಾರೆನ್ಸ್ ಲೋವೆಲ್ ಅಂತ ಒಬ್ಬರು, ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾದವರು. 20ನೇ ಶತಮಾನದ ಶುರುವಿನಲ್ಲೇ ಮತಗಳನ್ನ ಎಣಿಸೋಕೆ ಕೂತರು. ಅವರ ಅಳತೆಗೋಲು ಸರಳ: ಒಂದು ಪಕ್ಷದ ಶೇ. 90ರಷ್ಟು ಜನ ಒಂದೇ ಕಡೆ ನಿಂತರೆ ಅದು "ಪಕ್ಷದ ಮತ".

1920ರ ದಶಕದಲ್ಲಿ ಸ್ಟುವರ್ಟ್ ರೈಸ್ ಅನ್ನೋರು ಇನ್ನೊಂದು ಸೂತ್ರ ಕೊಟ್ಟರು. ಒಂದು ಗುಂಪು ಅರ್ಧಕ್ಕರ್ಧ ಒಡೆದರೆ ಒಗ್ಗಟ್ಟು 0. ಎಲ್ಲರೂ ಒಂದೇ ಕಡೆ ಇದ್ದರೆ 100. ರೇಷಿಯೋ ಅನಾಲಿಸಿಸ್ ಮಾಡಿದ ನಮಗೆ ಇದೇನು ಕಷ್ಟ ಅಲ್ಲ. ಹೌದು ಅಂದವರ ಶೇಕಡಾದಿಂದ ಇಲ್ಲ ಅಂದವರ ಶೇಕಡಾ ಕಳೆಯಿರಿ, ಮೈನಸ್ ಬಂದರೆ ಚಿಹ್ನೆ ಬಿಡಿ, ಆಯ್ತು.

ಆದರೆ ನಾವು ಇವತ್ತು ನೋಡೋ "ಇವರು 85% ಲಿಬರಲ್" ಥರದ ಅಂಕಿ ಜನಪ್ರಿಯವಾಗಿದ್ದು ಎರಡನೇ ಮಹಾಯುದ್ಧದ ನಂತರ. 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷವೇ, ಅಮೆರಿಕನ್ಸ್ ಫಾರ್ ಡೆಮಾಕ್ರಟಿಕ್ ಆ್ಯಕ್ಷನ್ ಅನ್ನೋ ಲಿಬರಲ್ ಸಂಘಟನೆ ಶುರುವಾಯ್ತು. ಎಲಿನಾರ್ ರೂಸ್‌ವೆಲ್ಟ್ ಅದರ ಸ್ಥಾಪಕರಲ್ಲಿ ಒಬ್ಬರು. ವರ್ಷಕ್ಕೆ 20 ಮುಖ್ಯ ಮತಗಳನ್ನ ಆರಿಸೋದು, ಒಂದೊಂದಕ್ಕೂ 5 ಅಂಕ, ಒಟ್ಟು 100. ಇದು ಅವರ ಪ್ರಸಿದ್ಧ ಪದ್ಧತಿ. ಎದುರಾಳಿ ಕಡೆಯವರು ಬಿಡ್ತಾರಾ? 1964ರಲ್ಲಿ ಅಮೆರಿಕನ್ ಕನ್ಸರ್ವೇಟಿವ್ ಯೂನಿಯನ್ ಹುಟ್ಟಿತು, 1971ರಿಂದ ಅವರೂ ಮಾರ್ಕ್ಸ್ ಕೊಡೋಕೆ ಶುರು ಮಾಡಿದರು. ಇಲ್ಲಿ 100 ಬಂದವರಿಗೆ ಅಲ್ಲಿ ಸಾಮಾನ್ಯವಾಗಿ 0ರ ಹತ್ತಿರ. ಮೊದಲು ಇದೆಲ್ಲ ವಾಷಿಂಗ್ಟನ್ ಸಂಸದರಿಗೆ. 2010ರ ದಶಕದಲ್ಲಿ ಕನ್ಸರ್ವೇಟಿವ್ ಯೂನಿಯನ್ ರಾಜ್ಯ ಶಾಸಕರನ್ನೂ ಬಿಡಲಿಲ್ಲ.

ರಾಜ್ಯ ಶಾಸಕರು ಅಂದ್ರೆ ಎಷ್ಟು ಜನ ಗೊತ್ತಾ? 50 ರಾಜ್ಯ, 99 ಸದನ, 7,300ಕ್ಕೂ ಹೆಚ್ಚು ಸದಸ್ಯರು. (100 ಆಗಬೇಕಿತ್ತಲ್ಲ ಅಂದ್ರಾ? ನೆಬ್ರಾಸ್ಕಾದಲ್ಲಿ ಒಂದೇ ಸದನ. ಅದರ ಕಥೆ ಭಾಗ 5ರಲ್ಲಿ.)

ಭಾಗ 4/7

ಈಗ ತಪ್ಪುಗಳ ಲೆಕ್ಕಕ್ಕೆ ಬರೋಣ.

ತಪ್ಪು ಒಂದು: ಗೈರುಹಾಜರಿ. ನಾನು ಮೇಲೆ ಹೇಳಿದ 20 ಮತಗಳ ಪದ್ಧತಿಯಲ್ಲಿ ಸದಸ್ಯ ಸದನಕ್ಕೆ ಬರದಿದ್ದರೆ ಆ 5 ಅಂಕ ಹೋಯ್ತು. ಆಸ್ಪತ್ರೆಯಲ್ಲಿದ್ದರೂ ಅಷ್ಟೇ, ಬೇಕಂತ ವಿರುದ್ಧ ಮತ ಹಾಕಿದರೂ ಅಷ್ಟೇ.

ಹಾಗಂತ "ಹೌದು, ಇಲ್ಲ, ಗೈರು" ಅಂತ ಮೂರೇ ಖಾನೆ ಇಟ್ಟರೂ ಸಾಲಲ್ಲ. ಇಲಿನಾಯ್ ರಾಜ್ಯದಲ್ಲಿ ನಾಲ್ಕನೇದೊಂದಿದೆ: "ಪ್ರೆಸೆಂಟ್". ಅಂದ್ರೆ "ಇಲ್ಲಿದ್ದೀನಿ, ಆದ್ರೆ ಹೌದೂ ಅನ್ನಲ್ಲ, ಇಲ್ಲವೂ ಅನ್ನಲ್ಲ". ಬರಾಕ್ ಒಬಾಮಾ 1997ರಿಂದ 2004ರವರೆಗೆ ಅಲ್ಲಿನ ಸೆನೆಟ್‌ನಲ್ಲಿದ್ದಾಗ ಸುಮಾರು 130 ಸಲ ಹೀಗೆ ಮಾಡಿದ್ದರು. ಮುಂದೆ ಅಧ್ಯಕ್ಷ ಚುನಾವಣೆಗೆ ನಿಂತಾಗ ಎದುರಾಳಿಗಳು ಇದನ್ನೇ ಎತ್ತಿ ಹಿಡಿದರು. "ನಿರ್ಧಾರ ತಗೊಳ್ಳೋಕೆ ಹೆದರಿದರು" ಅಂತ ಇವರು, "ಅಲ್ಲಿ ಅದೊಂದು ತಂತ್ರ" ಅಂತ ಅವರು. 59 ಜನರ ಆ ಸದನದಲ್ಲಿ ಮಸೂದೆ ಪಾಸಾಗೋಕೆ 30 "ಹೌದು" ಬೇಕೇ ಬೇಕು. ಹಾಗಾಗಿ "ಪ್ರೆಸೆಂಟ್" ಅಂದ್ರೂ ಫಲಿತಾಂಶದಲ್ಲಿ "ಇಲ್ಲ" ಅಂದಂಗೇ. ಇದಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಾ ಹೇಳಿ?

ತಪ್ಪು ಎರಡು: ಪ್ರಶ್ನೆಪತ್ರಿಕೆ ಯಾರದು? 20 ಮತಗಳನ್ನ ಆರಿಸೋದು ಆ ಸಂಘಟನೆಯೇ. ಅವರು ಸಹಜವಾಗಿ ಹಣಾಹಣಿ ನಡೆದ ಮಸೂದೆಗಳನ್ನೇ ಆರಿಸ್ತಾರೆ. 1992ರಲ್ಲಿ ಜೇಮ್ಸ್ ಸ್ನೈಡರ್ ಅನ್ನೋ ವಿದ್ವಾಂಸರು ಇದರ ಪರಿಣಾಮ ತೋರಿಸಿದರು. ಎಕ್ಸಾಮ್‌ನಲ್ಲಿ ಎಲ್ಲ ಪ್ರಶ್ನೆಗಳೂ ಒಂದೇ ಮಟ್ಟದ ಕಷ್ಟದ್ದು ಅಂತ ಇಟ್ಕೊಳ್ಳಿ. ಆ ಮಟ್ಟ ದಾಟಿದವರಿಗೆಲ್ಲ ಸೆಂಟಂ, ದಾಟದವರಿಗೆಲ್ಲ ಸೊನ್ನೆ. ನಡುವಿನ ಜನ ಮಾಯ. ಅವರು ನಿಜಕ್ಕೂ ಇಲ್ಲ ಅಂತಲ್ಲ, ಪ್ರಶ್ನೆಪತ್ರಿಕೆ ಅವರನ್ನ ಅಳಿಸಿಹಾಕಿದೆ.

ಭಾಗ 5/7

ಹಾಗಾದ್ರೆ ಪ್ರಶ್ನೆ ಆರಿಸದೆ ಅಳೆಯೋಕೆ ಆಗುತ್ತಾ?

1980ರ ದಶಕದಲ್ಲಿ ಕೀತ್ ಪೂಲ್ ಮತ್ತು ಹೋವರ್ಡ್ ರೋಸೆಂಥಾಲ್ ಅನ್ನೋ ಇಬ್ಬರು ಪ್ರೊಫೆಸರ್‌ಗಳು ಹೊಸ ದಾರಿ ಹಿಡಿದರು. ಮಸೂದೆ ಲಿಬರಲ್ಲೋ ಕನ್ಸರ್ವೇಟಿವೋ ಅಂತ ನಾವ್ಯಾಕೆ ಹೇಳಬೇಕು? ಯಾರು ಯಾರ ಜೊತೆ ಎಷ್ಟು ಸಲ ಮತ ಹಾಕ್ತಾರೆ ಅನ್ನೋದನ್ನಷ್ಟೇ ಕಂಪ್ಯೂಟರ್‌ಗೆ ಕೊಡೋಣ. ಬಸ್ಸಲ್ಲಿ ದಿನಾ ಯಾರ ಪಕ್ಕ ಯಾರು ಕೂರ್ತಾರೆ ಅಂತ ನೋಡಿದರೆ ಸಾಕು, ಯಾವ ಗ್ಯಾಂಗ್ ಯಾವುದು ಅಂತ ಗೊತ್ತಾಗಲ್ವಾ? ಹಾಗೇ ಎಲ್ಲರನ್ನೂ ಒಂದು ಗೆರೆ ಮೇಲೆ ನಿಲ್ಲಿಸಿದರು, ಹೆಚ್ಚುಕಡಿಮೆ ಮೈನಸ್ 1ರಿಂದ ಪ್ಲಸ್ 1ರವರೆಗೆ. ಇದಕ್ಕೆ ನಾಮಿನೇಟ್ ಪದ್ಧತಿ ಅಂತ ಹೆಸರು.

ಆದರೆ ರಾಜ್ಯಗಳ ವಿಷಯದಲ್ಲಿ ಇದೂ ಸಿಕ್ಕಿಹಾಕಿಕೊಳ್ತು. ಕ್ಯಾಲಿಫೋರ್ನಿಯಾ ಶಾಸಕ, ಟೆಕ್ಸಾಸ್ ಶಾಸಕ ಯಾವತ್ತೂ ಒಂದೇ ಮಸೂದೆಗೆ ಮತ ಹಾಕಲ್ಲ. ಬೇರೆ ಬೇರೆ ಬೋರ್ಡಿನ ಪಿಯುಸಿ ಮಾರ್ಕ್ಸ್ ಹೋಲಿಸಿದಂಗೆ. ಅದಕ್ಕೆ ನಮ್ಮಲ್ಲಿ ಏನು ಮಾಡ್ತಾರೆ? ಸಿಇಟಿ! ಬೋರಿಸ್ ಶೋರ್ ಮತ್ತು ನೋಲನ್ ಮೆಕಾರ್ಟಿ 2011ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಅದನ್ನೇ ಮಾಡಿದರು. ಪ್ರಾಜೆಕ್ಟ್ ವೋಟ್ ಸ್ಮಾರ್ಟ್ ಅನ್ನೋ ಸಂಸ್ಥೆ ದೇಶದ ಎಲ್ಲ ಕಡೆ ಅಭ್ಯರ್ಥಿಗಳಿಗೆ ಪ್ರಶ್ನಾವಳಿ ಕಳಿಸ್ತಿತ್ತು. ಅದೇ ಅವರ ಸಿಇಟಿ. ಆ ಉತ್ತರಗಳನ್ನ ಸೇತುವೆ ಮಾಡಿಕೊಂಡು 50 ರಾಜ್ಯಗಳನ್ನೂ ಒಂದೇ ಗೆರೆಗೆ ತಂದರು. ಆಗ ಕಂಡಿದ್ದು: ಈಶಾನ್ಯ ರಾಜ್ಯಗಳ ರಿಪಬ್ಲಿಕನ್ನರು ಉಳಿದ ಕಡೆಯ ರಿಪಬ್ಲಿಕನ್ನರಷ್ಟು ಕನ್ಸರ್ವೇಟಿವ್ ಅಲ್ಲ. ದಕ್ಷಿಣದ ಡೆಮಾಕ್ರಾಟರು ಉಳಿದ ಕಡೆಯ ಡೆಮಾಕ್ರಾಟರಷ್ಟು ಲಿಬರಲ್ ಅಲ್ಲ. ಎರಡು ಪಕ್ಷಗಳ ನಡುವಿನ ಕಂದಕ ಅತಿ ದೊಡ್ಡದಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿ. ಪಕ್ಷದ ಹೆಸರು ಒಂದೇ, ಊರು ಬದಲಾದರೆ ಅರ್ಥ ಬೇರೆ.

ಇನ್ನು ನೆಬ್ರಾಸ್ಕಾ. 1937ರಿಂದ ಅಲ್ಲಿ ಒಂದೇ ಸದನ, ಈಗ 49 ಸದಸ್ಯರು, ಮತಪತ್ರದಲ್ಲಿ ಪಕ್ಷದ ಹೆಸರೇ ಇರಲ್ಲ. ಜೆರಾಲ್ಡ್ ರೈಟ್ ಮತ್ತು ಬ್ರಯಾನ್ ಶಾಫ್ನರ್ 2002ರಲ್ಲಿ ಪಕ್ಕದ ಕ್ಯಾನ್ಸಸ್ ಸೆನೆಟ್ ಜೊತೆ ಇದನ್ನ ಹೋಲಿಸಿದರು. ಎರಡೂ ಕಡೆ ಅಭ್ಯರ್ಥಿಗಳ ಅಭಿಪ್ರಾಯಗಳು ಲಿಬರಲ್, ಕನ್ಸರ್ವೇಟಿವ್ ಅಂತ ಹೆಚ್ಚುಕಡಿಮೆ ಒಂದೇ ಥರ ಒಡೆದಿದ್ದವು. ಆದರೆ ಸದನದೊಳಗೆ ಹೋದ ಮೇಲೆ? ಕ್ಯಾನ್ಸಸ್‌ನಲ್ಲಿ ಮತಗಳು ಅದೇ ಗೆರೆ ಹಿಡಿದವು. ನೆಬ್ರಾಸ್ಕಾದಲ್ಲಿ ಆ ಗೆರೆಯೇ ಕಾಣಲಿಲ್ಲ. ಅಂದ್ರೆ ನಾವು "ಸಿದ್ಧಾಂತ" ಅಂತ ಅಳೀತಿರೋದರಲ್ಲಿ ಒಂದು ಪಾಲು ಪಕ್ಷದ ಕೈಕೆಲಸ.

ಭಾಗ 6/7

"ಸರಿ, ನಮ್ಮ ಎಂಎಲ್‌ಎಗೆ ಎಷ್ಟು ಮಾರ್ಕ್ಸ್?" ಅಂತ ಕೇಳ್ತೀರಾ ಅಂತ ಗೊತ್ತು. ನಾನೂ ಅದನ್ನೇ ಯೋಚಿಸಿದ್ದೆ, 224 ಜನರ ಶೀಟ್ ಮಾಡೋಣ ಅಂತ. ಆಗಲ್ಲ. ಎರಡು ಕಾರಣ.

ಒಂದು, ವೋಚರ್ ಇಲ್ಲ. ನಮ್ಮ ವಿಧಾನಸಭೆಯಲ್ಲಿ ಮಸೂದೆಗಳು ಹೆಚ್ಚಾಗಿ ಪಾಸಾಗೋದು ಧ್ವನಿಮತದಲ್ಲಿ. "ಪರವಾಗಿರುವವರು ಹೌದು ಎನ್ನಿ", ಒಂದು ದನಿ. "ವಿರುದ್ಧ ಇರುವವರು ಇಲ್ಲ ಎನ್ನಿ", ಇನ್ನೊಂದು ದನಿ. ಅಂಗೀಕಾರ. ಯಾರ ಬಾಯಿಂದ ಏನು ಬಂತು ಅಂತ ಹೆಸರು ಸಮೇತ ಉಳಿಯಲ್ಲ.

ಎರಡು, ಪಕ್ಷಾಂತರ ನಿಷೇಧ ಕಾಯ್ದೆ. 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಪಕ್ಷ ಕೊಟ್ಟ ವಿಪ್ ಮೀರಿ ಮತ ಹಾಕಿದರೆ ಅಥವಾ ಮತದಾನದಿಂದ ದೂರ ಉಳಿದರೆ, 15 ದಿನದೊಳಗೆ ಪಕ್ಷ ಮನ್ನಿಸದಿದ್ದರೆ, ಸ್ಥಾನಕ್ಕೇ ಕುತ್ತು. ಆಯಾರಾಂ ಗಯಾರಾಂ ಕಾಟ ತಪ್ಪಿಸೋಕೆ ಬಂದ ಕಾನೂನು ಇದು, ಆ ಉದ್ದೇಶ ತಪ್ಪಲ್ಲ. ಆದರೆ ಅದರಿಂದ ಪ್ರತಿ ಶಾಸಕನ ಮತವೂ ಪಕ್ಷದ ಮತದ ಜೆರಾಕ್ಸ್ ಆಯ್ತು. ರೈಸ್ ಸೂತ್ರ ಹಾಕಿದರೆ ಬಹುತೇಕ ಎಲ್ಲರದ್ದೂ 100.

ಎಣಿಕೆ ನಡೆಯೋದು ಯಾವಾಗ? ಕುರ್ಚಿ ಅಲ್ಲಾಡಿದಾಗ. 2019ರ ಜುಲೈ 23 ನೆನಪಿದೆಯಾ? ನಾವೆಲ್ಲ ಆಗ ಹೈಸ್ಕೂಲ್. ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ: ಪರ 99, ವಿರುದ್ಧ 105. ತಲೆ ಎಣಿಸಿಯೇ ಎಣಿಸಿದರು. ಆ ಜುಲೈನಲ್ಲೇ 17 ಶಾಸಕರು ಅನರ್ಹರಾದರು. ಅದು ಸರ್ಕಾರ ಇರಬೇಕಾ ಬೇಡ್ವಾ ಅನ್ನೋ ಲೆಕ್ಕ. ನನ್ನ ನಿಮ್ಮ ಫೀಸು, ಸ್ಕಾಲರ್‌ಶಿಪ್, ಬಸ್ಸು, ಜಮೀನಿನ ಮಸೂದೆಗಳಿಗೆ ಅಂಥ ತಲೆ ಎಣಿಕೆ ಅಪರೂಪ.

ಅಮೆರಿಕದವರಿಗೆ ಅಳತೆ ತಪ್ಪಾಗೋ ಚಿಂತೆ. ನಮಗೆ ಅಳೆಯೋಕೆ ಬಟ್ಟೆಯೇ ಇಲ್ಲ.

ಭಾಗ 7/7

ಈಗ ನನ್ನ ಎಕ್ಸೆಲ್ ಶೀಟಿಗೆ ವಾಪಸ್ ಬರ್ತೀನಿ.

ಇದೆಲ್ಲ ಓದಿದ ಮೇಲೆ ಆ ಶೀಟ್ ಮತ್ತೆ ತೆಗೆದು ನೋಡಿದೆ. 20 ಬಂದವಳು ಉತ್ತರಿಸಿದ್ದು ಮೂರೇ ಪೋಲ್‌ಗೆ. ಅದರಲ್ಲಿ ಎರಡು ನನ್ನ ಲೆಕ್ಕದ "ಲಿಬರಲ್" ಉತ್ತರ. ಉಳಿದ ಏಳು ಖಾಲಿ. ಖಾಲಿಯನ್ನ ನಾನು ಸೊನ್ನೆ ಮಾಡಿದ್ದೆ. ಸ್ಟೋರಿ 24 ಗಂಟೆ ಮಾತ್ರ ಇರುತ್ತೆ. ಅವಳ ಮನೆಯಲ್ಲಿ ಇರೋದು ಒಂದೇ ಸ್ಮಾರ್ಟ್‌ಫೋನ್, ಅಣ್ಣನ ಜೊತೆ ಹಂಚಿಕೊಳ್ಳಬೇಕು. ಅಣ್ಣ ಕೆಲಸಕ್ಕೆ ಒಯ್ದ ದಿನ ಅವಳಿಗೆ ಪೋಲ್ ಕಾಣೋದೇ ಇಲ್ಲ. ಅವಳ ಬಡತನಕ್ಕೆ ನಾನು "ಕನ್ಸರ್ವೇಟಿವ್" ಅಂತ ಹೆಸರಿಟ್ಟಿದ್ದೆ.

ಅಷ್ಟೇ ಅಲ್ಲ. ಹತ್ತೂ ಪ್ರಶ್ನೆ ನನ್ನವೇ. ಯಾವ ಉತ್ತರ ಲಿಬರಲ್ ಅಂತ ತೀರ್ಮಾನ ಮಾಡಿದ್ದೂ ನಾನೇ. ಪಟ್ಟಿಯಲ್ಲಿ ಫಸ್ಟ್ ಬಂದಿದ್ದು ಯಾರು ಗೊತ್ತಾ? ನಾನೇ. ನಗಬೇಡಿ.

ಕ್ಯಾಂಟೀನ್ ಹತ್ರ ಅವಳ ಬಳಿ ಹೋಗಿ ಸಾರಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ" ಅಂದಳು. ಅಷ್ಟೇ. ಇದನ್ನ ಹೆಸರು ಹಾಕದೆ ಬರೀತೀನಿ ಅಂದಾಗ "ಬರಿ, ಆದ್ರೆ ಗ್ರೂಪಲ್ಲೂ ಹಾಕು" ಅಂದಳು. ಹಾಕಿದ್ದೀನಿ. ಪಟ್ಟಿ ಡಿಲೀಟ್ ಮಾಡಿದ್ದೀನಿ. "ಅಜ್ಜಿ" ಅನ್ನೋದನ್ನ ನೀವೂ ದಯವಿಟ್ಟು ನಿಲ್ಲಿಸಿ.

ಹಾಗಂತ ಮಾರ್ಕ್ಸ್ ಕೊಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಅವಳು ನಮ್ಮ ಕ್ಲಾಸ್‌ಮೇಟ್, ಅವಳ ಅಭಿಪ್ರಾಯ ಅವಳ ಸ್ವಂತದ್ದು, ನಮಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಶಾಸಕರು ಹಾಗಲ್ಲ. ಅವರು ನಮ್ಮ ಹೆಸರಲ್ಲಿ ಮತ ಹಾಕ್ತಾರೆ, ಅವರ ಲೆಕ್ಕ ನಮಗೆ ಸಿಗಲೇಬೇಕು. ನಾನು ಮಾತ್ರ ಉಲ್ಟಾ ಮಾಡಿದ್ದೆ. ಅಳೆಯಬಾರದವಳನ್ನ ಅಳೆದೆ, ಕೇಳಬೇಕಾದವರನ್ನ ಕೇಳಲೇ ಇಲ್ಲ.

ಅದಕ್ಕೆ ಒಂದು ಕೆಲಸ. ನಿಮ್ಮ ಕ್ಷೇತ್ರದ ಶಾಸಕರು ಯಾವುದಾದರೂ ಕಾರ್ಯಕ್ರಮದಲ್ಲಿ ಸಿಕ್ಕರೆ ಸೆಲ್ಫಿ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿ: "ಸರ್, ಕಳೆದ ಅಧಿವೇಶನದಲ್ಲಿ ಯಾವ ಮಸೂದೆಗೆ ಏನಂದ್ರಿ? ಯಾಕೆ?" ಮೇಡಂ ಆಗಿದ್ರೆ ಮೇಡಂ ಅನ್ನಿ. ಉತ್ತರ ಬಂದರೆ ಕಾಮೆಂಟಲ್ಲಿ ಹಾಕಿ. ಬರದಿದ್ದರೂ ಹಾಕಿ, ಆದ್ರೆ ಖಾಲಿ ಅಂತಲೇ ಹಾಕಿ. ಸೊನ್ನೆ ಅಂತ ಬೇಡ.

ಇಷ್ಟ ಆದ್ರೆ ಸೇವ್ ಮಾಡಿ, ಫ್ರೆಂಡ್ಸಿಗೆ ಕಳಿಸಿ. ಮುಂದಿನ ಕಂತಲ್ಲಿ ಸಿಗೋಣ.

#ಹಿಸ್ಟರಿಸರಣಿ #ಶಾಸಕರಮಾರ್ಕ್ಸ್‌ಕಾರ್ಡ್ #ಬಿಕಾಂಹುಚ್ಚು #ಕನ್ನಡದಲ್ಲಿಓದಿ