ಯಮುನಕ್ಕನ ಘಟ ಒಡೆದವರು

‘ಘಟಶ್ರಾದ್ಧ’ವನ್ನು ಮೊದಲ ಸಲ ನೋಡಿದಾಗ ಕೊನೆಗೆ ಬರುವಷ್ಟರಲ್ಲಿ ಎದ್ದು ಹೋಗಿಬಿಡಬೇಕು ಅನ್ನಿಸಿತ್ತು. ತಲೆ ಬೋಳಿಸಿದ ಯಮುನಕ್ಕ ಮರದ ಕೆಳಗೆ ಒಬ್ಬಳೇ. ಹುಡುಗ ನಾಣಿ ಅಪ್ಪನ ಜೊತೆ ಊರಿಗೆ ಹೊರಟಿದ್ದಾನೆ. ಅಷ್ಟೇ.. ಯಾರೂ ಬಂದು ಏನನ್ನೂ ಸರಿಮಾಡುವುದಿಲ್ಲ.

ಅನಂತಮೂರ್ತಿಯವರ ಕತೆಯನ್ನು ಗಿರೀಶ್ ಕಾಸರವಳ್ಳಿ 1977ರಲ್ಲಿ ತಮ್ಮ ಮೊದಲ ಚಿತ್ರವಾಗಿಸಿದ್ದು, ಸ್ವರ್ಣಕಮಲ ಬಂದಿದ್ದು, 2024ರಲ್ಲಿ ಅದರ ಹೊಸದಾಗಿ ಸರಿಪಡಿಸಿದ ಪ್ರತಿ ವೆನಿಸ್ ಚಿತ್ರೋತ್ಸವಕ್ಕೆ ಹೋಗಿದ್ದು ನಿಮಗೆಲ್ಲ ಗೊತ್ತೇ ಇರುತ್ತೆ. ನನ್ನ ತಕರಾರು ಬೇರೆ. ಈ ಚಿತ್ರದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು "ಶಾಸ್ತ್ರವೇ ಹಾಗಿದ್ದ ಮೇಲೆ ಉಡುಪರಾದರೂ ಏನು ಮಾಡಿಯಾರು ಮಾರಾಯಾ" ಅಂದುಬಿಡುತ್ತಾರೆ.

ಶಾಸ್ತ್ರ ಹಾಗಿದೆಯೇ? ಮನುಸ್ಮೃತಿಯ 11ನೇ ಅಧ್ಯಾಯ ತೆಗೆದು ನೋಡಿ. ಪತಿತನಿಗೆ ಬದುಕಿರುವಾಗಲೇ ನೀರು ಬಿಡುವುದು, ದಾಸಿ ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸುವುದು, ಆಮೇಲೆ ಮಾತುಕತೆ, ಆಸ್ತಿಯ ಪಾಲು ಎಲ್ಲ ನಿಲ್ಲಿಸುವುದು ಅಲ್ಲಿದೆ, ನಿಜ. ಆದರೆ ಅದರ ಬೆನ್ನಿಗೇ ಇನ್ನೆರಡು ಮಾತಿವೆ. ಪ್ರಾಯಶ್ಚಿತ್ತ ಮಾಡಿಕೊಂಡವನ ಜೊತೆ ಬಂಧುಗಳು ಮಿಂದು, ಹೊಸ ಕೊಡವೊಂದನ್ನು ನೀರಿಗೆ ಹಾಕಿ, ಅವನನ್ನು ಮತ್ತೆ ಸೇರಿಸಿಕೊಳ್ಳಬೇಕು. ಹೆಂಗಸಿಗೂ ಇದೇ ವಿಧಿ. ಆದರೆ ಅವಳಿಗೆ ಬಟ್ಟೆ, ಅನ್ನ, ನೀರು ಕೊಡಬೇಕು, ಮನೆಯ ಹತ್ತಿರವೇ ಇರಗೊಡಬೇಕು.

ಮನುವನ್ನು ಹೊಗಳೋಕೆ ಹೊರಟಿಲ್ಲ ನಾನು (ಆ ಕೆಲಸಕ್ಕೆ ಬೇರೆ ಜನ ಇದ್ದಾರೆ). ಮನು ಬಿಟ್ಟುಕೊಟ್ಟಷ್ಟನ್ನೂ ಅಗ್ರಹಾರ ಯಮುನಕ್ಕನಿಗೆ ಬಿಟ್ಟುಕೊಡಲಿಲ್ಲ ಅಂತಷ್ಟೇ ಹೇಳುತ್ತಿದ್ದೇನೆ. ಕೊಡ ಒಡೆಯುವುದು ನೆನಪಿತ್ತು, ಅನ್ನ ಹಾಕುವುದು ಮರೆತುಹೋಗಿತ್ತು. ಹಾಗಾಗಿ ಆ ನಾಚಿಕೆಯನ್ನು ಶಾಸ್ತ್ರದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಗಂಡಸರು. ಬಸಿರು ಮಾಡಿದ ಮೇಷ್ಟ್ರು ಜಾರಿಕೊಳ್ಳುತ್ತಾನೆ, ಅವನಿಗೆ ಯಾವ ಘಟವೂ ಒಡೆಯುವುದಿಲ್ಲ. ಹೀಗಾಗಲೇಬೇಕು ಅಂತೇನೂ ಇರಲಿಲ್ಲ. 1905ರಲ್ಲಿ ಕೇರಳದ ಕುರಿಯೇಡತ್ ತಾತ್ರಿ ಎಂಬ ನಂಬೂದಿರಿ ಹೆಂಗಸು ವಿಚಾರಣೆಯಲ್ಲಿ ಒಬ್ಬೊಬ್ಬರ ಹೆಸರನ್ನೂ ಹೇಳಿದಳು. ಅವಳ ಜೊತೆಗೆ 64 ಗಂಡಸರೂ ಜಾತಿಯಿಂದ ಹೊರಬಿದ್ದರು. ಯಮುನಕ್ಕನಿಗೆ ಮಾತ್ರ ಸಾಕ್ಷಿ ಅಂತ ಇದ್ದದ್ದು ಒಬ್ಬ ಪುಟ್ಟ ಹುಡುಗ. ಅವಳು ಸಾಯಲೆಂದು ಹುತ್ತಕ್ಕೆ ಕೈಹಾಕಿದ್ದನ್ನು ನೋಡಿದವನು. ಅವನ ಮಾತನ್ನು ಯಾರು ಕೇಳುತ್ತಾರೆ?

ಅತ್ತ ಮಗಳ ಶ್ರಾದ್ಧ ಮುಗಿಸಿದ ಮುದುಕ ಉಡುಪರಿಗೆ ಎರಡನೇ ಮದುವೆಯ ಮಾತು ನಡೆದಿದೆ. ಹುಡುಗಿ ಎಳೆಯವಳು. ಈಗ ಪ್ರತಿ ಸಲ ನೋಡಿದಾಗಲೂ ನನಗೆ ಚಿಂತೆ ಹತ್ತುವುದು ತೆರೆಯ ಮೇಲೆ ಬಾರದ ಆ ಹುಡುಗಿಯದೇ. ಇನ್ನೆಷ್ಟು ವರ್ಷಕ್ಕೆ ಅವಳೂ ಅದೇ ಮನೆಯಲ್ಲಿ ವಿಧವೆ?